ಒಂದು, ಮೂರು, ನಾಲ್ಕು, ಎರಡು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿಮ್ಮಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ನೋಡಿ ನೀನು ಗಾಬರಿಯಾದೆ ಅಂತ ಗೊತ್ತು. ಕಾರಿನ ಕೆಳಗಿಂದ ನನ್ನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ತಕ್ಷಣ ಫೋನ್ ಮಾಡಿದೆ. "ಅಮ್ಮ, ಈ ವಯಸ್ಸಲ್ಲಿ ನಿನಗ್ಯಾಕೆ ಇದೆಲ್ಲ? ಯಾರಿಗಾದ್ರೂ ದುಡ್ಡು ಕೊಟ್ಟು ಮಾಡಿಸು, ಇಲ್ಲಾಂದ್ರೆ ಗುಜರಿಗೆ ಹಾಕು" ಅಂದೆ. ನನ್ನ ಕೈತುಂಬ ಗ್ರೀಸ್ ಇತ್ತು. ಅಪ್ಪ ಫೋನನ್ನು ನನ್ನ ಕಿವಿಗೆ ಹಿಡಿದಿದ್ದರು. "ರಾತ್ರಿ ಮಾತಾಡ್ತೀನಿ ಕಣೇ" ಅಂದೆ. ರಾತ್ರಿ ನಿನ್ನ ಆಫೀಸಿನ ವಿಷಯ ಬಂತು, ಹುಳಿಪುಡಿ ಖಾಲಿಯಾದ ವಿಷಯ ಬಂತು, ಇದು ಬರಲೇ ಇಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ನಿನ್ನ ಹೆದರಿಕೆಗೆ ಉತ್ತರ. ಕಾರಿನ ಕೆಳಗೆ ನಾನು ಬರೀ ಜಾಕಿ ನಂಬಿ ಮಲಗಿರಲಿಲ್ಲ. ಎರಡೂ ಕಡೆ ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಗಳಿಗೆ ಮರದ ತುಂಡು ಒತ್ತು ಕೊಟ್ಟು, ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿದ ಮೇಲೇ ಕೆಳಗೆ ಹೋಗಿದ್ದು. ಪಕ್ಕದ ಮನೆಯ ಡಿಪೋ ಮಾವ ಮೊದಲ ದಿನ ಕಲಿಸಿದ್ದೇ ಅದು. ಜಾಕಿ ಇರೋದು ಎತ್ತೋಕೆ, ಹೊತ್ತು ನಿಲ್ಲೋಕಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡೋದಂತೂ ಬೇಡವೇ ಬೇಡ, ಅವು ಇದ್ದಕ್ಕಿದ್ದ ಹಾಗೆ ಒಡೆದುಬಿಡುತ್ತವೆ. ಇದನ್ನು ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದ ಮೇಲೆ ಅವರು ನನಗೆ ಸ್ಪ್ಯಾನರ್ ಕೊಟ್ಟರು.

ಈ ಪ್ರೀಮಿಯರ್ ಪದ್ಮಿನಿ ಕಾರನ್ನು ತಿಪಟೂರಿನಲ್ಲಿ ತಾತ ತಗೊಂಡಿದ್ದು 1986ರಲ್ಲಿ. ಆಗ ನನಗೆ 17 ವರ್ಷ. ಕೊಬ್ಬರಿ ವ್ಯಾಪಾರದಲ್ಲಿ ಒಂದು ವರ್ಷ ಕೈಹಿಡಿದಿತ್ತು, ಆ ದುಡ್ಡು ಅದು. ಮನೆ ಮುಂದೆ ಕಾರು ನಿಂತಾಗ ಅಜ್ಜಿ ಒಳಗಿಂದ ಆರತಿ ತಟ್ಟೆ ತಂದಿದ್ದರು. ನನ್ನ ಮದುವೆಗೆ ಛತ್ರಕ್ಕೆ ಹೋಗಿದ್ದು ಇದೇ ಕಾರಿನಲ್ಲಿ. 2009ರಲ್ಲಿ ತಾತ ಹೋದ ಮೇಲೆ ನಿನ್ನ ಸೋದರಮಾವಂದಿರಿಗೆ ಇದು ಬೇಕಿರಲಿಲ್ಲ, ಅವರ ಹತ್ತಿರ ಹೊಸ ಕಾರುಗಳಿದ್ದವು. ನಾನೇ ಕೇಳಿ ಮೈಸೂರಿಗೆ ತಂದೆ. ಆರ್‌ಸಿ ನನ್ನ ಹೆಸರಿಗಾಯಿತು. ನೀನು ಏಳನೇ ಕ್ಲಾಸಿನಲ್ಲಿದ್ದಾಗ ನಿನ್ನನ್ನೂ ನಿನ್ನ ಇಬ್ಬರು ಗೆಳತಿಯರನ್ನೂ ಮುಂದಿನ ಉದ್ದ ಸೀಟಿನಲ್ಲಿ ಒತ್ತಿ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದೆ, ನೆನಪಿದೆ ಅಲ್ವಾ? ಸ್ಟೀರಿಂಗ್ ಪಕ್ಕದ ಗೇರನ್ನು ನೀನು "ಅಮ್ಮನ ಛತ್ರಿ ಹಿಡಿ" ಅನ್ನುತ್ತಿದ್ದೆ. ಆಗೆಲ್ಲ ನನಗೆ ಕಾರು ಓಡಿಸೋಕೆ ಬರುತ್ತಿತ್ತು. ಬಾನೆಟ್ ಎತ್ತಿದರೆ ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ.

2017ರಲ್ಲಿ ನಂಜನಗೂಡಿಗೆ ಹೋಗಿ ಬರುವಾಗ ಅದು ನಿಂತುಹೋಯಿತು. ಅರ್ಧ ಗಂಟೆ ತಣ್ಣಗಾಗೋಕೆ ಬಿಟ್ಟರೆ ಸ್ಟಾರ್ಟ್ ಆಗುತ್ತಿತ್ತು, ಬಿಸಿಯಾದರೆ ಮತ್ತೆ ನಿಲ್ಲುತ್ತಿತ್ತು. ಹಾಗೇ ನಿಂತು ನಿಂತು ಮನೆ ಸೇರಿದ್ದೆವು. ಒಂದು ಗ್ಯಾರೇಜಿನವರು ನೋಡಿ, ಇಂಜಿನ್ ಇಳಿಸಬೇಕು, 40,000 ರೂಪಾಯಿ ಆಗುತ್ತೆ ಅಂದರು. ಆಗ ನಿನ್ನ ಕಾಲೇಜು ಫೀಸಿನ ಸಮಯ. ಶೆಡ್ಡಿಗೆ ಹಾಕಿ ಟಾರ್ಪಾಲ್ ಮುಚ್ಚಿದೆವು. ಹಾಗೇ ಎಂಟು ವರ್ಷ ಕಳೆಯಿತು.

ಈ ವರ್ಷ ಯುಗಾದಿ ಆದ ವಾರ ಗುಜರಿಯವನು ಬಂದು ಬೆಲೆ ಕಟ್ಟಿದ. ನಾನು ಒಪ್ಪುವವಳೇ ಇದ್ದೆ. ಕಾಂಪೌಂಡಿನ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಡಿಪೋ ಮಾವ ಅಲ್ಲಿಂದಲೇ ಕೂಗಿದರು: "ತಾಯಿ, ಕೊಡೋಕೆ ಮುಂಚೆ ಒಂದ್ಸಲ ಇಂಜಿನ್ ತಿರುಗುತ್ತಾ ನೋಡೋಣ. ಸತ್ತಿದೆಯೋ ಮಲಗಿದೆಯೋ ಗೊತ್ತಾಗಬೇಕಲ್ಲ."

ನಿನಗೆ ಅವರು ಗೊತ್ತು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ 34 ವರ್ಷ ಮೆಕ್ಯಾನಿಕ್ ಆಗಿದ್ದವರು. ಆದರೆ ನೀನು ಹೋದ ಮೇಲೆ ಅವರಿಗೆ ಆಗಿರುವುದು ನಿನಗೆ ಪೂರ್ತಿ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಎದುರಿಗೆ ಯಾರೋ ನಿಂತಿದ್ದಾರೆ ಅನ್ನೋದು ಕಾಣುತ್ತೆ, ಮುಖ ಕಾಣಲ್ಲ. ಪೇಪರ್ ಓದೋದು ಬಿಟ್ಟು ನಾಲ್ಕು ವರ್ಷವಾಯಿತು. ಬೆಳಗ್ಗೆಯಿಂದ ಸಂಜೆವರೆಗೆ ರೇಡಿಯೋ ಇಟ್ಟುಕೊಂಡು ಸುಮ್ನೆ ಕೂತಿರುತ್ತಿದ್ದರು. ಅವರ ಹೆಂಡತಿ, ನಿನ್ನ ಅತ್ತೆ, ಅವರನ್ನು ಕೈಹಿಡಿದು ಗೇಟಿನ ತನಕ ಕರೆತಂದು ಮತ್ತೆ ಒಳಗೆ ಕರೆದುಕೊಂಡು ಹೋಗುತ್ತಿದ್ದರು.

ಹಾಗಾಗಿ ಕಾರನ್ನು ಅವರು ರಿಪೇರಿ ಮಾಡಲಿಲ್ಲ ಪುಟ್ಟಿ. ಮಾಡೋಕೆ ಆಗುತ್ತಿರಲಿಲ್ಲ. ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತು ಹೇಳಿದರು, ನಾನು ಮಾಡಿದೆ.

ಮೊದಲ ದಿನ ಇಂಜಿನ್‌ಗೆ ಕಿಡಿ ಕೊಡುವ ನಾಲ್ಕೂ ಪ್ಲಗ್ ಬಿಚ್ಚಿಸಿದರು. ಒಂದೊಂದು ತೂತಿಗೂ ಎರಡು ಚಮಚ ಇಂಜಿನ್ ಆಯಿಲ್ ಹಾಕಿಸಿ, "ನಾಳೆ ಬಾ" ಅಂದರು. ಎಂಟು ವರ್ಷ ನಿಂತ ಇಂಜಿನ್‌ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಪಿಸ್ಟನ್ ರಿಂಗ್ ಒಣಗಿದ ಗೋಡೆಗೆ ಉಜ್ಜಿ ಗೀರು ಬೀಳುತ್ತೆ. ಮಾರನೇ ದಿನ ಟಾಪ್ ಗೇರ್‌ಗೆ ಹಾಕಿ, ನಿಮ್ಮಪ್ಪನನ್ನು ಹಿಂದಿನಿಂದ ತಳ್ಳೋಕೆ ಹೇಳಿದರು. ಟಾಪ್ ಗೇರಿನಲ್ಲಿ ಕಾರು ಮುಂದೆ ಹೋದರೆ ಇಂಜಿನ್ ತಿರುಗಲೇಬೇಕು. ಅಪ್ಪ ತಳ್ಳಿದರು, ಕಾರು ಅಲುಗಲಿಲ್ಲ. ಮತ್ತೆ ತಳ್ಳಿದರು. ಒಳಗಿಂದ ಒಂದು ನಿಟ್ಟುಸಿರಿನಂಥ ಶಬ್ದ ಬಂತು, ಕಾರು ಒಂದು ಗೇಣು ಮುಂದೆ ಹೋಯಿತು. ಡಿಪೋ ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಮಲಗಿತ್ತು ಅಷ್ಟೆ ತಾಯಿ" ಅಂದರು.

ಆಮೇಲೆ ಹೊಸ ಬ್ಯಾಟರಿ ತಂದೆವು. ನಾನು ಸೆಲ್ಫ್ ಹೊಡೆಯುತ್ತಿದ್ದೆ, ಅವರು ಒಂದೊಂದು ಪ್ಲಗ್ ತೂತಿನ ಮೇಲೂ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದರು. ಒಳಗಿನ ಗಾಳಿ ಬೆರಳನ್ನು ದೂಡಬೇಕು. "ಇದಕ್ಕೆ ಕಣ್ಣು ಬೇಡ" ಅಂದರು. ಮೂರು ಸಿಲಿಂಡರ್ ಗಟ್ಟಿಯಾಗಿ ದೂಡಿದವು, ನಾಲ್ಕನೆಯದು ಸ್ವಲ್ಪ ಸೋತಿತ್ತು, ಎರಡು ದಿನಕ್ಕೆ ಅದೂ ಸರಿಹೋಯಿತು. ಇಂಜಿನ್ ಇಳಿಸುವ ಮಾತೇ ಬೇಕಾಗಿರಲಿಲ್ಲ.

ಹಾಗಾದರೆ ನಂಜನಗೂಡು ರಸ್ತೆಯಲ್ಲಿ ನಿಂತಿದ್ದು ಯಾಕೆ? ಇದನ್ನು ನಿನಗೆ ವಿವರವಾಗಿ ಹೇಳಬೇಕು. ನನ್ನ ಇಡೀ ಕಲಿಕೆ ಇಲ್ಲೇ ತಿರುಗಿತು.

ಇಂಜಿನ್ ಪಕ್ಕದಲ್ಲಿ ಡಿಸ್ಟ್ರಿಬ್ಯೂಟರ್ ಅಂತ ಇದೆ. ಕಪ್ಪು ಮುಚ್ಚಳ, ಅದರಿಂದ ದಪ್ಪ ವೈರುಗಳು ಹೊರಡುತ್ತವೆ. ಮುಚ್ಚಳ ತೆಗೆದರೆ ಒಳಗೆ ಪಾಯಿಂಟು. ಬೆರಳ ತುದಿಯಷ್ಟು ಜಾಗದಲ್ಲಿ ಎರಡು ಸಣ್ಣ ಲೋಹದ ಗುಂಡಿಗಳು, ಒಂದಕ್ಕೊಂದು ಮುಟ್ಟುತ್ತವೆ, ಬಿಡುತ್ತವೆ. ಬಿಟ್ಟ ಗಳಿಗೆಗೆ ಪ್ಲಗ್‌ನಲ್ಲಿ ಕಿಡಿ ಹಾರುತ್ತೆ. ಎರಡರ ನಡುವೆ ತೆರೆದಾಗ ಇರಬೇಕಾದ ಸಂದು ಸುಮಾರು 0.4 ಮಿಲಿಮೀಟರ್. ಡಿಪೋ ಮಾವ ಸಂದು ಅಳೆಯುವ ತೆಳು ತಗಡುಗಳ ತಮ್ಮ ಹಳೆಯ ಫೀಲರ್ ಗೇಜ್ ಕೊಟ್ಟು, "ಇಲ್ಲಿ ನನ್ನ ಕೈ ನಡೆಯಲ್ಲ ತಾಯಿ, ನಿನ್ನದೇ ಆಗಬೇಕು" ಅಂದರು. ನನಗೆ ಹೆದರಿಕೆಯಾಯಿತು. "ನನಗೆ ಮೆಷಿನ್ ವಿಷಯ ಏನು ಗೊತ್ತು ಅಣ್ಣ" ಅಂದೆ.

ಅವರು ಕೇಳಿದರು: "ನಮ್ಮನೆ ಗೋಡೆ ಆಚೆ ಮೂವತ್ತು ವರ್ಷದಿಂದ ರಾತ್ರಿ ಹನ್ನೊಂದರ ತನಕ ಕಟಕಟ ಅನ್ನುತ್ತಿತ್ತಲ್ಲ, ಅದೇನು?"

ನನ್ನ ಹೊಲಿಗೆ ಮೆಷಿನ್.

"ಅದು ಕೆಟ್ಟಾಗ ಯಾರನ್ನ ಕರೆಸ್ತಿದ್ದೆ?"

ಯಾರನ್ನೂ ಕರೆಸುತ್ತಿರಲಿಲ್ಲ. ನಾನೇ ಬಿಚ್ಚುತ್ತಿದ್ದೆ. ನೀನು ನೋಡಿದ್ದೀಯ. ಶಟಲ್ ತೆಗೆದು ದಾರದ ಚೂರು ಕಿತ್ತು, ಎಣ್ಣೆ ಬಿಟ್ಟು, ಹೊಲಿಗೆ ತಪ್ಪುತ್ತಿದ್ದರೆ ಸೂಜಿ ಕಂಬಿಯನ್ನು ಏರಿಸಿ ಇಳಿಸಿ ಸರಿಮಾಡುತ್ತಿದ್ದೆ. ಸೂಜಿ ಪೂರ್ತಿ ಕೆಳಗಿಳಿದು ಒಂಚೂರು ಮೇಲೆದ್ದಾಗ ದಾರ ಒಂದು ಪುಟ್ಟ ಕುಣಿಕೆಯಾಗುತ್ತೆ. ಸರಿಯಾಗಿ ಆ ಗಳಿಗೆಗೆ ಶಟಲ್‌ನ ಮೂತಿ ಬಂದು ಕುಣಿಕೆ ಹಿಡಿಯಬೇಕು. ಮುಂಚೆ ಬಂದರೆ ಕುಣಿಕೆ ಇನ್ನೂ ಆಗಿರಲ್ಲ, ತಡವಾದರೆ ಜಾರಿಹೋಗಿರುತ್ತೆ. ಹೊಲಿಗೆ ತಪ್ಪುತ್ತೆ.

ಇದನ್ನು ಅವರಿಗೆ ಹೇಳಿದೆ. ಅವರು ಮುಖ ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿದರು. "ಇದೂ ಅದೇ ತಾಯಿ. ಪಿಸ್ಟನ್ ಮೇಲಕ್ಕೆ ಬಂದು ತಲೆ ಮುಟ್ಟೋಕೆ ಒಂಚೂರು ಮುಂಚೆ ಕಿಡಿ ಬೀಳಬೇಕು. ತೀರಾ ಮುಂಚೆ ಬಿದ್ದರೆ ಇಂಜಿನ್ ಬಡಿಯುತ್ತೆ, ತಡವಾದರೆ ಸೊರಗುತ್ತೆ. ಟೈಮಿಂಗು ಅಂದರೆ ಇಷ್ಟೇ. ನಿನಗೆ ಆಗಲೇ ಬರುತ್ತೆ, ಹೆಸರು ಗೊತ್ತಿರಲಿಲ್ಲ."

ಪುಟ್ಟಿ, ನಾನು ಆ ಮೆಷಿನ್ ತುಳಿದು ನಿನ್ನ ಫೀಸು ಕಟ್ಟಿದ್ದೇನೆ, ಈ ಮನೆಯ ಮೇಲಿನ ಎರಡು ರೂಮು ಕಟ್ಟಿಸಿದ್ದೇನೆ. ಆದರೂ ಮಿಕ್ಸಿ ಕೆಟ್ಟರೆ, ಪಂಪು ಕೆಟ್ಟರೆ, ಕಾರು ಕೆಟ್ಟರೆ "ಮೆಷಿನ್ ವಿಷಯ, ಅಪ್ಪನ್ನ ಕೇಳು" ಅಂತ ನಿನಗೆ ಹೇಳಿಕೊಂಡು ಬಂದೆ. ನಿಮ್ಮಪ್ಪನೋ ಕನ್ನಡ ಮೇಷ್ಟ್ರು, ಪಾಪ, ಅವರಿಗೆ ಮೊಳೆ ಹೊಡೆಯೋದೂ ಕಷ್ಟ. ಮೂವತ್ತು ವರ್ಷ ನಾನೇ ಒಬ್ಬಳು ಮೆಕ್ಯಾನಿಕ್ ಆಗಿದ್ದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ನಾನೂ ಹಾಗೆ ಯೋಚಿಸಿರಲಿಲ್ಲ. ಆ ದಿನ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಸರಿ, ಪಾಯಿಂಟಿಗೆ ಬರುತ್ತೇನೆ. ಹೊಲಿಗೆಯ ದೊಡ್ಡ ಕನ್ನಡಕ ಹಾಕಿಕೊಂಡು, ಟಾರ್ಚ್ ಬಿಟ್ಟು ನೋಡಿದೆ. ಒಂದು ಗುಂಡಿಯ ಮೇಲೆ ಅಕ್ಕಿ ನುಚ್ಚಿನಂಥ ಒಂದು ಮೊಡವೆ ಎದ್ದಿತ್ತು. ಎದುರಿನ ಗುಂಡಿಯಲ್ಲಿ ಅದಕ್ಕೆ ಸರಿಯಾಗಿ ಒಂದು ಗುಳಿ. ಕಂಡಿದ್ದನ್ನು ಕಂಡ ಹಾಗೆ ಹೇಳಿದೆ. ಡಿಪೋ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಂಡೆನ್ಸರ್ ಹೋಗಿದೆ" ಅಂದರು.

ಕಂಡೆನ್ಸರ್ ಅಂದರೆ ಕಿರುಬೆರಳಿನ ಒಂದು ಗೆಣ್ಣಿನಷ್ಟು ಇರುವ ಡಬ್ಬಿ. ಪಾಯಿಂಟು ಬಿಟ್ಟಾಗ ಅಲ್ಲೇ ಕಿಡಿ ಹಾರಿ ಸುಟ್ಟುಹೋಗದ ಹಾಗೆ ಅದು ತಡೆಯುತ್ತೆ. ಅದು ಸೊರಗಿದರೆ ಪಾಯಿಂಟು ಹೀಗೆ ಒಂದು ಕಡೆ ಎದ್ದು, ಇನ್ನೊಂದು ಕಡೆ ಕುಳಿ ಬೀಳುತ್ತೆ. ಬಿಸಿಯಾದಾಗ ಕೈಕೊಡುತ್ತೆ, ತಣ್ಣಗಾದಾಗ ಮತ್ತೆ ಕೆಲಸ ಮಾಡುತ್ತೆ. ನಂಜನಗೂಡು ರಸ್ತೆಯಲ್ಲಿ ಆಗಿದ್ದು ಅದೇ. ಹೊಸ ಕಂಡೆನ್ಸರ್‌ಗೆ ನಾನು ಕೊಟ್ಟಿದ್ದು 200 ರೂಪಾಯಿಯೂ ಇಲ್ಲ. ಅಷ್ಟಕ್ಕೆ ತಾತನ ಕಾರು ಎಂಟು ವರ್ಷ ಟಾರ್ಪಾಲ್ ಕೆಳಗೆ ಕೂತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಹೊಸ ಪಾಯಿಂಟು ಕೂರಿಸಿ ಸಂದು ಹೊಂದಿಸೋಕೆ ನನಗೆ ಒಂದು ಗಂಟೆ ಹಿಡಿಯಿತು. ಸ್ಕ್ರೂ ಬಿಗಿ ಮಾಡಿದ ತಕ್ಷಣ ಸಂದು ಬದಲಾಗುತ್ತಿತ್ತು. ಗೇಜಿನ ತಗಡು ಸಂದಿನಲ್ಲಿ ಹೇಗೆ ಸರಿಯಬೇಕು ಅಂತ ಡಿಪೋ ಮಾವ ತಮ್ಮ ಎರಡು ಬೆರಳ ನಡುವೆ ಕಾಗದ ಎಳೆದು ತೋರಿಸಿದರು. ಬಿಗಿಯಾಗಿ ಸಿಕ್ಕಿಕೊಳ್ಳಬಾರದು, ಸಡಿಲವಾಗಿ ಜಾರಲೂಬಾರದು, ಮುಟ್ಟಿಕೊಂಡು ಹೊರಗೆ ಬರಬೇಕು. ದಾರದ ಟೆನ್ಷನ್ ನೋಡುವ ಬೆರಳಿಗೆ ಅದು ಅರ್ಥವಾಯಿತು. ಟೈಮಿಂಗ್ ನೋಡೋಕೆ ಒಂದು 12 ವೋಲ್ಟಿನ ಬಲ್ಬ್ ಸಾಕಾಯಿತು. ಒಂದು ವೈರು ಡಿಸ್ಟ್ರಿಬ್ಯೂಟರ್‌ಗೆ, ಇನ್ನೊಂದು ಬಾಡಿಗೆ. ಅಪ್ಪ ಕಾರನ್ನು ಒಂದೊಂದೇ ಬೆರಳು ತಳ್ಳುತ್ತಾರೆ, ಪಾಯಿಂಟು ತೆರೆದ ಗಳಿಗೆಗೆ ಬಲ್ಬ್ ಹತ್ತುತ್ತೆ. "ಹತ್ತಿತು" ಅಂತ ನಾನು ಕೂಗಿದಾಗಲೆಲ್ಲ ಡಿಪೋ ಮಾವನ ಮುಖ ಅರಳುತ್ತಿತ್ತು.

ಒಂದು ತಪ್ಪು ಮಾಡಿದೆ. ಪ್ಲಗ್ ವೈರು ನಾಲ್ಕನ್ನೂ ಒಟ್ಟಿಗೆ ಕಿತ್ತು ಒರೆಸಿ, ಸಾಲಾಗಿ ಒಂದು ಎರಡು ಮೂರು ನಾಲ್ಕು ಅಂತ ಹಾಕಿಬಿಟ್ಟೆ. ಸೆಲ್ಫ್ ಹೊಡೆದರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಾಯಿಂದ ಢಂ ಅಂತು. ಅತ್ತೆ ಮನೆಯೊಳಗಿಂದ ಓಡಿ ಬಂದರು. ಈ ಇಂಜಿನ್ ಉರಿಯುವ ಸರದಿ ಒಂದು, ಮೂರು, ನಾಲ್ಕು, ಎರಡು. ಡಿಪೋ ಮಾವ ಬೈಯಲಿಲ್ಲ. "ಬಾಯಿಪಾಠ ಮಾಡು" ಅಂದರು. ನಾನು ಬಾಯಿಪಾಠವೂ ಮಾಡಿದೆ, ಒಂದೊಂದು ವೈರಿಗೂ ಒಂದೊಂದು ಬಣ್ಣದ ದಾರ ಕಟ್ಟಿದೆ. ಕೆಂಪು, ಹಸಿರು, ಹಳದಿ, ನೀಲಿ. ಅಪ್ಪ ಈಗಲೂ ಹೂವು ಕಟ್ಟುವಾಗ ಒಂದು ಮೂರು ನಾಲ್ಕು ಎರಡು ಅಂತ ಗುನುಗುತ್ತಿರುತ್ತಾರೆ.

ಕಾರ್ಬೊರೇಟರ್ ಬಿಚ್ಚಿದಾಗ ಒಳಗೆ ಹಳೆಯ ಪೆಟ್ರೋಲ್ ಆರಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಹಳೇ ವಾರ್ನಿಷ್ ವಾಸನೆ. ಅದರಲ್ಲಿ ಜೆಟ್ ಅಂತ ಹಿತ್ತಾಳೆಯ ಪುಟ್ಟ ತಿರುಪು, ಅದರ ನಡುವೆ ಕಂಡೂ ಕಾಣದ ಹಾಗೆ ಒಂದು ತೂತು. ಮುಚ್ಚಿಹೋಗಿತ್ತು. ನನ್ನ ಕೈ ತಾನಾಗಿ ಸೂಜಿಗೆ ಹೋಯಿತು. ಸೂಜಿ ಡಬ್ಬಿಯ ಸದ್ದು ಕೇಳಿಯೇ ಡಿಪೋ ಮಾವ "ಬೇಡ!" ಅಂತ ಕೂಗಿದರು. ಹಿತ್ತಾಳೆ ಮೆತ್ತಗೆ, ಉಕ್ಕಿನ ಸೂಜಿ ಆಡಿಸಿದರೆ ತೂತು ದೊಡ್ಡದಾಗುತ್ತೆ, ಆಮೇಲೆ ಜನ್ಮವಿಡೀ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಪೆಟ್ರೋಲಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಜೆಟ್ಟನ್ನು ಆಕಾಶಕ್ಕೆ ಹಿಡಿದು ನೋಡಿದರೆ ಸಾಸಿವೆಗಿಂತ ಸಣ್ಣದೊಂದು ಬೆಳಕಿನ ಚುಕ್ಕಿ ಕಂಡಿತು.

ಹಾಗೆ ತೊಳೆಯುತ್ತ ಕೂತಿದ್ದಾಗ ಅವರು ಒಂದು ಮಾತು ಹೇಳಿದರು: "ಈ ಗಾಡಿ ನಮ್ಮ ಸೀಮೆಯಲ್ಲೇ ಹುಟ್ಟಬೇಕಿತ್ತು ತಾಯಿ." ನಾನು ಸುಮ್ನೆ ಅಭಿಮಾನಕ್ಕೆ ಅಂತಿದ್ದಾರೆ ಅಂದುಕೊಂಡೆ. ಅಪ್ಪ ಪುಸ್ತಕ ತೆಗೆದು ನೋಡಿದರು, ನಿಜ. 1930ರ ದಶಕದಲ್ಲೇ ವಿಶ್ವೇಶ್ವರಯ್ಯನವರು ನಮ್ಮ ದೇಶದಲ್ಲಿ ಕಾರು ಕಾರ್ಖಾನೆ ಆಗಬೇಕು ಅಂತ ಯೋಜನೆ ಹಾಕಿ ಓಡಾಡಿದ್ದರು. ಉದ್ಯಮಿ ವಾಲ್‌ಚಂದ್ ಹಿರಾಚಂದ್ ವಿಶ್ವೇಶ್ವರಯ್ಯನವರ ಜೊತೆ ನಿಂತಿದ್ದರು. ಮೈಸೂರು ಸರ್ಕಾರಕ್ಕೆ ಮನಸ್ಸಿತ್ತು, ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಕೊನೆಗೆ ವಾಲ್‌ಚಂದ್ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಕಂಪನಿ ಶುರುಮಾಡಿದರು. ಅದರ ಕುರ್ಲಾ ಕಾರ್ಖಾನೆಯಲ್ಲಿ ಇಟಲಿಯ ಫಿಯಟ್ 1100 ತಯಾರಾಗಿ, 1970ರ ದಶಕದಲ್ಲಿ ಅದಕ್ಕೆ ಚಿತ್ತೋರಿನ ರಾಣಿಯ ಹೆಸರು ಬಂತು, ಪದ್ಮಿನಿ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಕಟ್ಟಿದ್ದರು, ಈಗಿನ ಎಚ್‌ಎಎಲ್. ಡಿಪೋ ಮಾವನಿಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ಡಿಪೋ ಸೇರೋಕೆ ಮುಂಚೆ ಹುಡುಗನಾಗಿದ್ದಾಗ ಒಂದು ಫಿಯಟ್ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಕೆಲಸ ಮಾಡಿದ್ದರಂತೆ. ಅಲ್ಲಿನ ಹಿರಿಯ ಮಿಸ್ತ್ರಿ ಹೇಳಿದ ಕಥೆ. ಸ್ಪ್ಯಾನರ್ ಅಂದೆನಲ್ಲ, ಈಗಲೂ ಅವರು ಬಾಕ್ಸಿಗೆ ಕೈಹಾಕಿ ಮುಟ್ಟಿ ನೋಡಿಯೇ ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು ಅಂತ ಸರಿಯಾಗಿ ಎತ್ತಿಕೊಡುತ್ತಾರೆ. ಒಂದು ದಿನವೂ ತಪ್ಪಿಲ್ಲ.

ಸಾಮಾನು ತರೋದು ನಿಮ್ಮಪ್ಪನ ಪಾಲಿಗೆ ಬಂತು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಹಳೇ ಸ್ಯಾಂಪಲ್ ಇಲ್ಲದೆ ಹೋಗಬೇಡಿ ಮೇಷ್ಟ್ರೇ ಅಂತ ಡಿಪೋ ಮಾವ ಹೇಳಿದ್ದಕ್ಕೆ, ನಿನ್ನ ಹಳೇ ಟಿಫನ್ ಬಾಕ್ಸಿನಲ್ಲಿ ಪಾರ್ಟುಗಳನ್ನು ಇಟ್ಟುಕೊಂಡು ಹೋಗುತ್ತಿದ್ದರು. ಪೆಟ್ರೋಲ್ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿದೆವು. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರಲ್ಲ, ಆ ಕಾಲದ ರಬ್ಬರ್ ಅದಕ್ಕೆ ಬೇಗ ಕೆಡುತ್ತೆ.

ಬ್ರೇಕ್ ಕೆಲಸದಲ್ಲಿ ಮಾತ್ರ ಡಿಪೋ ಮಾವ ಬೇರೆಯೇ ಮನುಷ್ಯ. ಬೇರೆಲ್ಲದಕ್ಕೂ "ಆಗುತ್ತೆ ಬಿಡು" ಅನ್ನುವವರು, ಬ್ರೇಕಿಗೆ ಬಂದಾಗ ನಗೋದನ್ನೇ ಬಿಟ್ಟರು. "ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತೆ ತಾಯಿ, ಬ್ರೇಕ್ ಕೆಟ್ಟರೆ ನಿಲ್ಲಲ್ಲ" ಅಂದರು. ಈ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ವರ್ಷಗಟ್ಟಲೆ ನಿಂತರೆ ಒಳಗೆ ತುಕ್ಕು ಹಿಡಿಯುತ್ತೆ. ಮೂರು ಚಕ್ರಗಳಲ್ಲಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಕಚ್ಚಿಕೊಂಡಿದ್ದವು, ಎಲ್ಲವನ್ನೂ ಹೊಸದೇ ಹಾಕಿದೆವು. ಡ್ರಮ್ಮಿನೊಳಗಿನ ಧೂಳನ್ನು ನಾನು ಬಾಯಿಂದ ಊದೋಕೆ ಹೋದಾಗ ನನ್ನ ಕೈ ಹಿಡಿದು ತಡೆದರು. ಹಳೇ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. "ನಾವು ಊದಿದ್ದೇವೆ, ನಮಗೆ ಯಾರೂ ಹೇಳಲಿಲ್ಲ" ಅಂದರು.

ಆಮೇಲೆ ಬ್ರೇಕ್ ಪೈಪುಗಳಲ್ಲಿ ಸೇರಿಕೊಂಡ ಏರ್ ತೆಗೆಯೋದು. ಪೆಡಲ್‌ನಿಂದ ದೂರದ ಚಕ್ರದಿಂದ ಶುರು, ಅಂದರೆ ಎಡಗಡೆಯ ಹಿಂದಿನದು. ಅಪ್ಪ ಒಳಗೆ ಕೂತು ಪೆಡಲ್ ಒತ್ತಬೇಕು. ನಾನು ಚಕ್ರದ ಹಿಂದೆ ನಿಪ್ಪಲ್‌ಗೆ ಸಣ್ಣ ಪೈಪು ಹಾಕಿ, ಅದರ ತುದಿಯನ್ನು ಬ್ರೇಕ್ ಆಯಿಲ್ ಇರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಿ ಕೂತಿದ್ದೆ. "ಒತ್ತಿ." ನಿಪ್ಪಲ್ ಸಡಿಲ ಮಾಡಿದರೆ ಬಾಟಲಿಯಲ್ಲಿ ಗುಳುಗುಳು ಗುಳ್ಳೆ. "ಹಿಡ್ಕೊಳ್ಳಿ." ನಿಪ್ಪಲ್ ಬಿಗಿ. "ಬಿಡಿ." ಮತ್ತೆ "ಒತ್ತಿ." ನಡುನಡುವೆ ಮೇಲೆ ಆಯಿಲ್ ತುಂಬಬೇಕು, ಅದು ಖಾಲಿಯಾದರೆ ಮತ್ತೆ ಗಾಳಿ ಎಳೆದು ಮೊದಲಿಂದ ಶುರು. ಒಂದೊಂದು ಚಕ್ರಕ್ಕೂ ಇಪ್ಪತ್ತು ಮೂವತ್ತು ಸಲ. ಒಂದು ಹೊತ್ತಿನಲ್ಲಿ ಗುಳ್ಳೆ ಸಾಸಿವೆಯಷ್ಟಾಯಿತು, ಆಮೇಲೆ ಬರೀ ಎಣ್ಣೆ, ಗಾಜಿನ ಹಾಗೆ ತಿಳಿ. ಅಪ್ಪ ಒಳಗಿಂದ ಕೂಗಿದರು, "ಏ, ಗಟ್ಟಿಯಾಯ್ತು ಕಣೇ ಪೆಡಲ್!" ಮದುವೆಯಾಗಿ ಮೂವತ್ತು ವರ್ಷ ದಾಟಿತು, ನಾವಿಬ್ಬರೂ ಕೂಡಿ ಇಷ್ಟು ಹೊತ್ತು ಒಂದೇ ಕೆಲಸ ಮಾಡಿದ್ದು ಅದೇ ಮೊದಲಿರಬೇಕು.

ಆಷಾಢದಲ್ಲಿ ಒಂದು ಸಂಜೆ ಇಂಜಿನ್ ಸ್ಟಾರ್ಟ್ ಆಯಿತು. ಚೋಕ್ ಎಳೆದು ಸೆಲ್ಫ್ ಹೊಡೆದೆ. ಮೂರನೇ ಸಲಕ್ಕೆ ಹಿಡಿಯಿತು. ಮೊದಲು ಬೂದು ಹೊಗೆ, ತೂತಿಗೆ ಹಾಕಿದ್ದ ಎಣ್ಣೆ ಉರಿದಿದ್ದು. ಆಮೇಲೆ ಆ ಶಬ್ದ. ತಾತ ಸಂಜೆ ಮಂಡಿಯಿಂದ ಬಂದು ಮನೆ ಮುಂದೆ ನಿಲ್ಲಿಸುವಾಗ ನಾನು ಅಡುಗೆಮನೆಯಿಂದ ಕೇಳುತ್ತಿದ್ದ ಶಬ್ದ. ನನಗೆ ಅಳು ಬಂತು, ಮುಚ್ಚಿಡೋದೇನು. ಡಿಪೋ ಮಾವ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಬಾನೆಟ್ ಕಡೆಗೆ ಕಿವಿ ಕೊಟ್ಟು, "ಮಿಕ್ಸ್‌ಚರ್ ಸ್ಕ್ರೂ ಕಾಲು ಸುತ್ತು ಹೊರಗೆ" ಅಂದರು. ತಿರುಗಿಸಿದೆ. ಕುಂಟುತ್ತಿದ್ದದ್ದು ನೇರವಾಯಿತು. ಅವರ ಮೈಮೇಲೆ ಆ ದಿನ ಡಿಪೋದ ಖಾಕಿ ಅಂಗಿ ಇತ್ತು. ಟ್ರಂಕಿನ ತಳದಿಂದ ಹುಡುಕಿ ತೆಗೆಸಿದ್ದರಂತೆ. ಒಂದು ಗುಂಡಿ ಬಿದ್ದಿತ್ತು, ಮಾರನೇ ದಿನ ನಾನು ಹಾಕಿಕೊಟ್ಟೆ.

ಕಾಗದಪತ್ರದ್ದು ಚಿಕ್ಕದಾಗಿ ಹೇಳುತ್ತೇನೆ. ಇನ್ಶೂರೆನ್ಸ್, ಎಮಿಷನ್ ಟೆಸ್ಟ್, ಗ್ರೀನ್ ಟ್ಯಾಕ್ಸ್, ಆರ್‌ಟಿಒದಲ್ಲಿ ಆರ್‌ಸಿ ರಿನ್ಯೂವಲ್. ಬ್ರೇಕ್ ಇನ್‌ಸ್ಪೆಕ್ಟರ್ ಸುತ್ತ ತಿರುಗಿ ನೋಡಿ, ಬ್ರೇಕ್ ಒತ್ತಿಸಿ, "ಯಾವ ಗ್ಯಾರೇಜಿನಲ್ಲಿ ಮಾಡಿಸಿದ್ರಿ?" ಅಂದರು. "ಮನೆಯಲ್ಲಿ" ಅಂದೆ.

ಶ್ರಾವಣದ ಒಂದು ಸೋಮವಾರ ಬೆಳಗ್ಗೆ ಚಾಮುಂಡಿ ಬೆಟ್ಟಕ್ಕೆ ಹೊರಟೆವು. ನಾನು ಸ್ಟೀರಿಂಗ್, ಪಕ್ಕದಲ್ಲಿ ಡಿಪೋ ಮಾವ, ಹಿಂದೆ ಅಪ್ಪ, ಅತ್ತೆ. ಅರ್ಧ ಬೆಟ್ಟ ಏರುವಾಗ ಎಳೆತ ಕಡಿಮೆಯಾಗಿ ಕೆಮ್ಮೋಕೆ ಶುರುವಾಯಿತು. ನನಗೆ ನಂಜನಗೂಡು ರಸ್ತೆ ನೆನಪಾಗಿ ಕೈ ಬೆವರಿತು. "ಪಕ್ಕಕ್ಕೆ ಹಾಕು. ಏನಿರಬಹುದು, ನೀನೇ ಹೇಳು" ಅಂದರು ಅವರು. ನಾನು ಬಾನೆಟ್ ಎತ್ತಿದೆ. ಕಿಡಿ ಇದೆಯಾ ನೋಡಿದೆ, ಇತ್ತು. ಪೆಟ್ರೋಲ್ ಪಂಪಿನ ಹತ್ತಿರ ಕೈ ತಂದೆ, ಕಾದ ಹಂಚಿನ ಹಾಗಿತ್ತು. ಆ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತೆ, ಏರಿನಲ್ಲಿ ಬಿಸಿ ಜಾಸ್ತಿಯಾದರೆ ಪೆಟ್ರೋಲ್ ಒಳಗೇ ಆವಿಯಾಗಿ, ಪಂಪಿಗೆ ಎಳೆಯೋಕೆ ಏನೂ ಸಿಗಲ್ಲ. "ಪಂಪು ಬಿಸಿಯಾಗಿದೆ ಅಣ್ಣ" ಅಂದೆ. ಅತ್ತೆಯ ಹತ್ತಿರ ಇದ್ದ ಹಳೇ ಟವೆಲ್ ಹರಿದು ನೀರಲ್ಲಿ ನೆನೆಸಿ ಪಂಪಿಗೆ ಸುತ್ತಿದೆ. ಹತ್ತು ನಿಮಿಷ ಕಾದೆವು. ಅಷ್ಟು ಹೊತ್ತೂ ಡಿಪೋ ಮಾವ ಒಂದು ಮಾತೂ ಆಡಲಿಲ್ಲ. ಸೆಲ್ಫ್ ಹೊಡೆದೆ, ಹಿಡಿಯಿತು. ಆಗ ಅವರು ಹಿಂದೆ ತಿರುಗಿ ಅತ್ತೆಗೆ, "ನೋಡಿದೆಯಾ" ಅಂದರು, ಅಷ್ಟೇ. ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು ಬೆಟ್ಟದ ತುದಿಯ ತನಕ ತೆಗೆಯಲೇ ಇಲ್ಲ.

ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದೇ ಪುಟ್ಟಿ. ದುಡ್ಡು ಕೊಟ್ಟು ಮಾಡಿಸಬಹುದಿತ್ತು. ಮಾಡಿಸಿದ್ದರೆ ಆ ಏರಿನಲ್ಲಿ ನಾನು ಯಾರಿಗೋ ಫೋನ್ ಮಾಡುತ್ತ ನಿಂತಿರುತ್ತಿದ್ದೆ, ಡಿಪೋ ಮಾವ ಇನ್ನೂ ರೇಡಿಯೋ ಮುಂದೆ ಕೂತಿರುತ್ತಿದ್ದರು.

ಆಯುಧಪೂಜೆಗೆ ಎರಡು ದಿನ ಮುಂಚೆಯೇ ಬಾ. ಈ ಸಲ ಹೊಲಿಗೆ ಮೆಷಿನ್, ಸ್ಪ್ಯಾನರ್ ಬಾಕ್ಸ್, ಕಾರು, ಮೂರನ್ನೂ ಒಂದೇ ಕಡೆ ಇಟ್ಟು ಪೂಜೆ ಮಾಡೋಣ ಅಂತಿದ್ದೇನೆ. ಬರುವಾಗ ನಿನ್ನ ಹಳೇ ಬಟ್ಟೆ ಒಂದು ಜೊತೆ ತಗೊಂಡು ಬಾ. ಹಿಂದಿನ ಎಡಗಡೆ ಬಾಗಿಲಿನ ಗಾಜು ಇಳಿಯೋದೇ ಇಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನೀನು ಕೋಪ ಮಾಡಿಕೊಂಡು ಹ್ಯಾಂಡಲ್ ಮುರಿದೆಯಲ್ಲ, ಅದೇ ಬಾಗಿಲು. ಹೊಸ ಹ್ಯಾಂಡಲ್ ಸಿಕ್ಕಿದೆ, ಅಪ್ಪ ಟಿಫನ್ ಬಾಕ್ಸಿನಲ್ಲೇ ಇಟ್ಟಿದ್ದಾರೆ. ಡೋರ್ ಪ್ಯಾಡ್ ಹೇಗೆ ಬಿಚ್ಚಬೇಕು ಅಂತ ಡಿಪೋ ಮಾವ ಹೇಳುತ್ತಾರೆ. ನಾನು ಮುಟ್ಟಿಲ್ಲ, ಅದು ನಿನಗೆ ಅಂತ ಬಿಟ್ಟಿದ್ದೇನೆ.

ಪ್ರೀತಿಯಿಂದ,
ಅಮ್ಮ